ಕಿಟಕಿ ಕೀಳುವ ಮುನ್ನ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಹಳೆ ಮನೆಯೊಂದು ರಿಪೇರಿಗೆ ಬಂತೆಂದರೆ ಮೊದಲ ಏಟು ಬೀಳುವುದು ಕಿಟಕಿಗೆ. ಮಳೆಗಾಲದಲ್ಲಿ ಉಬ್ಬಿ ಮುಚ್ಚಲಾಗದ ಕದ, ಸಂದಿಯಿಂದ ನುಗ್ಗುವ ದೂಳು, ಹೊತ್ತುಗೊತ್ತಿಲ್ಲದ ಹಾರ್ನ್ ಸದ್ದು. ಮನೆಯವರ ದೂರು ಸುಳ್ಳಲ್ಲ. ಬಿಳಿ ಯುಪಿವಿಸಿ ಸ್ಲೈಡಿಂಗ್ ಕಿಟಕಿ ಬಂದು ಕೂರುತ್ತದೆ, ತೇಗದ ಕದಗಳು ಗುಜರಿ ಗಾಡಿ ಹತ್ತುತ್ತವೆ.

1898ರ ಪ್ಲೇಗ್ ಹಾವಳಿಯ ಹೊತ್ತಿನಲ್ಲಿ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ರೂಪುಗೊಂಡ ಬಡಾವಣೆಗಳಿವು. ಗಾಳಿ ಬೆಳಕಿಗಾಗಿಯೇ ಕಟ್ಟಿದ ಮನೆಗಳು. ಎತ್ತರದ ಕಿಟಕಿ, ಬಿಸಿಗಾಳಿ ಹೊರಹೋಗಲು ಸೂರಿನಡಿ ವೆಂಟಿಲೇಟರ್, ಕೆಲವು ಮನೆಗಳಲ್ಲಿ ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಚಾವಣಿ. 'ಮಂಕಿ ಟಾಪ್' ಎಂದೇ ಹೆಸರಾದ ಈ ಚಾವಣಿ ಬಿಸಿಲು, ಇರಚಲು ಎರಡನ್ನೂ ತಡೆಯುತ್ತದೆ.

ಇಂಥ ಕಿಟಕಿ ಪೂರ್ತಿ ಹಾಳಾಗುವುದು ಅಪರೂಪ. ಕೊಳೆಯುವುದು ಸಾಮಾನ್ಯವಾಗಿ ನೀರು ನಿಲ್ಲುವ ಜಾಗ: ಕದದ ಕೆಳಪಟ್ಟಿ, ಚೌಕಟ್ಟಿನ ಕೆಳಮೂಲೆಗಳು. ಬಲಿತ ತೇಗದ ತಿರುಳಿನಲ್ಲಿರುವ ಎಣ್ಣೆಯಂಶಕ್ಕೆ ಗೆದ್ದಲು ಸುಲಭವಾಗಿ ಬಾಯಿ ಹಾಕುವುದಿಲ್ಲ. ಕೈಪಳಗಿದ ಬಡಗಿ ಕೊಳೆತ ಭಾಗವನ್ನಷ್ಟೇ ಕತ್ತರಿಸಿ, ಅದೇ ಜಾತಿಯ ಹಳೆ ಮರದ ತುಂಡು ಬೆಸೆದು, ಕೀಲು ಬದಲಿಸಿ, ಗಾಜಿನಂಚಿಗೆ ಹೊಸ ಪುಟ್ಟಿ ಕಟ್ಟಿ ಕೊಡುತ್ತಾನೆ. ಎಷ್ಟೋ ಕದಗಳು ಬಿಗಿಯಾಗಿರುವುದು ಮರದ ದೋಷದಿಂದಲ್ಲ, ವರ್ಷವರ್ಷವೂ ಬಳಿದ ಬಣ್ಣದ ಪದರಗಳಿಂದ. ಅದನ್ನು ಕೆರೆಯುವಾಗ ಮಾತ್ರ ಎಚ್ಚರ ಬೇಕು. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ದೇಶದಲ್ಲಿ ಜಾರಿಯಾದದ್ದು 2017ರಲ್ಲಿ; ಅದಕ್ಕೂ ಹಿಂದಿನ ಪದರಗಳಲ್ಲಿ ಸೀಸವಿರಬಹುದು. ನೀರು ಚಿಮುಕಿಸಿ ಉಜ್ಜಬೇಕು, ಮಕ್ಕಳನ್ನು ದೂರವಿಡಬೇಕು.

ಚೌಕಟ್ಟನ್ನೇ ಕೀಳುವುದು ಬೇರೆಯೇ ಕೆಲಸ. ಹಳೆ ಮನೆಗಳಲ್ಲಿ ಕಾಂಕ್ರೀಟ್ ಕಂಬಗಳಿಲ್ಲ, ಚಾವಣಿಯ ಭಾರ ಹೊರುವುದು ಗೋಡೆಯೇ. ಕಿಟಕಿಯ ಮೇಲಿರುವುದು ಇಟ್ಟಿಗೆ ಕಮಾನೋ ಮರದ ತೊಲೆಯೋ ಆಗಿರುತ್ತದೆ. ಆಸರೆ ಕೊಡದೆ ಚೌಕಟ್ಟು ಒಡೆದರೆ ಗಾರೆ ಸಡಿಲಗೊಂಡು ಗೋಡೆ ಬಿರುಕು ಬಿಡುತ್ತದೆ.

ಹಾಗೆಂದು ಹೊಸ ಕಿಟಕಿ ಬೇಡವೇ ಬೇಡವೆಂದಲ್ಲ. ಬಸ್ಸು ಲಾರಿ ಓಡುವ ರಸ್ತೆಗೆ ಮುಖ ಮಾಡಿದ ಕೋಣೆಗೆ, ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆಯಿರುವ ಲ್ಯಾಮಿನೇಟೆಡ್ ಗಾಜು ನಿಜಕ್ಕೂ ನೆಮ್ಮದಿ ಕೊಡುತ್ತದೆ. ಆದರೆ ಎರಡು ಕದದ ಸ್ಲೈಡಿಂಗ್ ಕಿಟಕಿ ತೆರೆಯುವುದು ಅರ್ಧವಷ್ಟೇ. ಹಳೆಯ ಜೋಡಿ ಕದ ತೆರೆದರೆ ಪೂರ್ತಿ ಗಾಳಿ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ, ಕೋಣೆಯ ಕಿಟಕಿ, ವೆಂಟಿಲೇಟರ್‌ಗಳ ಒಟ್ಟು ವಿಸ್ತೀರ್ಣ ಒಣಹವೆಯ ಬಿಸಿನಾಡಿನಲ್ಲಿ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗಕ್ಕೆ, ಕರಾವಳಿಯಂಥ ತೇವದ ಸೆಕೆಯ ನಾಡಿನಲ್ಲಿ ಆರನೇ ಒಂದು ಭಾಗಕ್ಕೆ ಕಡಿಮೆಯಿರಬಾರದು. ಲೆಕ್ಕಕ್ಕೆ ಬರುವುದು ತೆರೆಯುವ ಭಾಗ ಮಾತ್ರ. ಮಂಗಳೂರಿನ ಹಂಚಿನ ಮನೆಗೆ ಸ್ಲೈಡಿಂಗ್ ಕೂರಿಸಿ, ಮರುವರ್ಷ ಎ.ಸಿ. ಕೊಳ್ಳುವವರು ಈ ಲೆಕ್ಕ ನೋಡಿದ್ದರೆ ಒಳ್ಳೆಯದಿತ್ತು.

ಆದ್ದರಿಂದ ಕಿಟಕಿ ಕಂಪನಿಗೆ ಮುಂಗಡ ಕೊಡುವ ಮೊದಲು ಒಬ್ಬ ಬಡಗಿಯನ್ನು ಕರೆಸಿ, ಒಂದೊಂದೇ ಕಿಟಕಿಯ ಕೆಳಮೂಲೆಯನ್ನು ಉಳಿಯಿಂದ ಚುಚ್ಚಿ ನೋಡಿಸಿ. ಮರ ಗಟ್ಟಿಯಿದ್ದರೆ ಚೌಕಟ್ಟು ಉಳಿಸಿಕೊಳ್ಳಿ. ಸದ್ದಿನ ಕೋಣೆಗೆ ಮಾತ್ರ ಒಳಗಿನಿಂದ ಇನ್ನೊಂದು ಗಾಜಿನ ಕದ ಮಾಡಿಸಿಕೊಳ್ಳಿ.