ಸೌರವಿದ್ಯುತ್ತಿನ ಗೃಹವ್ಯವಸ್ಥೆಯಲ್ಲಿ ಲಗ್ಗಿನ ಜೋಡಣೆ: ಬೆಸುಗೆಯೋ, ಕ್ರಿಂಪಿಂಗೋ?

ಮನೆಯ ಮಾಡಿನ ಮೇಲೆ ಸೌರಫಲಕಗಳನ್ನಿರಿಸಿ, ಹಗಲಿನಲ್ಲಿ ದೊರೆತ ವಿದ್ಯುತ್ತನ್ನು ಬ್ಯಾಟರಿಯಲ್ಲಿ ಕೂಡಿಟ್ಟು ಇರುಳಿನಲ್ಲಿ ಬಳಸುವ ಪದ್ಧತಿ ನಮ್ಮ ಹಳ್ಳಿ ಪಟ್ಟಣಗಳೆರಡರಲ್ಲಿಯೂ ಹಬ್ಬಿದೆ. ಕೊಳ್ಳುವವರು ಫಲಕವನ್ನೂ ಬ್ಯಾಟರಿಯನ್ನೂ ಕುರಿತು ಬಹಳವಾಗಿ ವಿಚಾರಿಸುತ್ತಾರೆ. ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ದಪ್ಪ ಕೇಬಲ್ಲಿನ ತುದಿಯಲ್ಲಿರುವ ತಾಮ್ರದ ಲಗ್ಗನ್ನು ಕುರಿತು ಕೇಳುವವರು ವಿರಳ. ಈ ಲಗ್ಗನ್ನು ತಂತಿಗೆ ಹಿಡಿಸಲು ಎರಡು ಮಾರ್ಗಗಳುಂಟು. ತವರ ಸೀಸಗಳ ಮಿಶ್ರಲೋಹವನ್ನು ಕರಗಿಸಿ ಬೆಸೆಯುವುದು ಒಂದು. ಲಗ್ಗಿನ ಕೊಳವೆಯನ್ನು ಅಚ್ಚಿನ ನಡುವೆ ಇಟ್ಟು ಬಲವಾಗಿ ಅದುಮುವುದು, ಎಂದರೆ ಕ್ರಿಂಪಿಂಗ್, ಇನ್ನೊಂದು. ಇವುಗಳ ತಾರತಮ್ಯವನ್ನು ಇಲ್ಲಿ ಪರಿಶೀಲಿಸುವೆವು.

ಮೊದಲು ಪ್ರವಾಹದ ಪ್ರಮಾಣವನ್ನು ನೋಡೋಣ. ಮನೆಯಲ್ಲಿ 850 ವಾಟ್‌ಗಳ ಉಪಕರಣಗಳು ನಡೆಯುತ್ತಿವೆಯೆಂದೂ ಇನ್ವರ್ಟರಿನ ದಕ್ಷತೆ ಶೇಕಡ 85 ಎಂದೂ ಭಾವಿಸಿದರೆ, ಬ್ಯಾಟರಿ 1000 ವಾಟ್‌ಗಳನ್ನು ಒದಗಿಸಬೇಕು. 230 ವೋಲ್ಟಿನ ಗೃಹತಂತಿಗಳಲ್ಲಿ ಹರಿಯುವುದು 4 ಆಂಪಿಯರಿಗೂ ಕಡಿಮೆ. 12 ವೋಲ್ಟಿನ ಬ್ಯಾಟರಿಯ ಕೇಬಲ್ಲಿನಲ್ಲಿಯಾದರೋ ಸುಮಾರು 83 ಆಂಪಿಯರ್. ಜೋಡಣೆಯಲ್ಲಿ ಹುಟ್ಟುವ ಉಷ್ಣ ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ, ಅಷ್ಟೇ ರೋಧವುಳ್ಳ ಜೋಡಣೆ ಗೋಡೆಯ ಸ್ವಿಚ್ಚಿನಲ್ಲಿ ಇರುವುದಕ್ಕಿಂತ ಬ್ಯಾಟರಿಯ ಬಳಿ ಸುಮಾರು 500 ಪಟ್ಟು ಹೆಚ್ಚು ಉಷ್ಣವನ್ನು ಉತ್ಪಾದಿಸುತ್ತದೆ. ಕೇವಲ 1 ಮಿಲಿಓಮ್ ರೋಧವಿದ್ದರೂ 7 ವಾಟ್ ಉಷ್ಣ ಬೆರಳಿನ ಗಾತ್ರದ ಒಂದು ಲೋಹದ ತುಂಡಿನಲ್ಲಿ ಗಂಟೆಗಟ್ಟಲೆ ಕೂಡುತ್ತದೆ. ಮನೆಯ ವಯರಿಂಗಿನಲ್ಲಿ ನುರಿತ ಕೆಲಸಗಾರನೂ ಇಲ್ಲಿ ಎಡವುವುದಕ್ಕೆ ಇದೇ ಕಾರಣ.

ಬೆಸುಗೆಯ ಲೋಹದ ರೋಧಶೀಲತೆ ತಾಮ್ರದ್ದಕ್ಕಿಂತ ಎಂಟು ಒಂಬತ್ತು ಪಟ್ಟು ಅಧಿಕವೆಂಬ ಕಾರಣದಿಂದ ಅದನ್ನು ತಳ್ಳಿಹಾಕುವವರಿದ್ದಾರೆ. ಈ ವಾದ ನಿಲ್ಲುವುದಿಲ್ಲ. ಪ್ರವಾಹ ಬೆಸುಗೆಯ ಉದ್ದಕ್ಕೂ ಹರಿಯದೆ, ತೆಳುವಾದ ಪೊರೆಯನ್ನು ಅಡ್ಡಲಾಗಿ ದಾಟುತ್ತದೆ. ಪೊರೆ 0.1 ಮಿಲಿಮೀಟರ್ ದಪ್ಪವಾಗಿದ್ದು 300 ಚದರ ಮಿಲಿಮೀಟರ್ ಹರವಿದ್ದರೆ ಅದರ ರೋಧ 1 ಮಿಲಿಓಮಿನ ಹತ್ತು ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ. ಚೆನ್ನಾಗಿ ಮಾಡಿದ ಬೆಸುಗೆ ಮೊದಲ ದಿನ ಯಾವ ಕ್ರಿಂಪಿಗೂ ಸೋಲುವುದಿಲ್ಲ.

ತೊಂದರೆ ತೋರುವುದು ಆಮೇಲೆ. ತವರ 63, ಸೀಸ 37 ಭಾಗಗಳ ಮಿಶ್ರಲೋಹ 183 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ತಾಮ್ರ ಕರಗುವುದಾದರೋ 1085 ಡಿಗ್ರಿಯಲ್ಲಿ. ಕರಗುವ ಮೊದಲೇ ಬೆಸುಗೆ ಮೆತ್ತಗಾಗಿ, ಭಾರಕ್ಕೆ ನಿಧಾನವಾಗಿ ಜಾರತೊಡಗುತ್ತದೆ. ಬ್ಯಾಟರಿಯ ಒಳರೋಧ ಕೆಲವೇ ಮಿಲಿಓಮ್‌ಗಳಾದುದರಿಂದ ಧನ ಋಣ ತುದಿಗಳು ಅಕಸ್ಮಾತ್ತಾಗಿ ತಾಕಿದರೆ ಸಾವಿರ ಆಂಪಿಯರಿಗೂ ಮಿಗಿಲಾದ ಪ್ರವಾಹ ನುಗ್ಗುತ್ತದೆ. ಆಗ ಬೆಸುಗೆ ಕರಗಿ ಕೇಬಲ್ ಕಳಚಿಬಿದ್ದರೆ, ಪ್ರವಾಹ ಹೊತ್ತ ತುದಿ ಎಲ್ಲಿ ತಾಕುವುದೆಂದು ಹೇಳಬಲ್ಲವರಾರು? ಇದನ್ನರಿತೇ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ ನಿಯಮಗಳು ಬೆಸೆದ ಜೋಡಣೆಗೆ ಹ್ರಸ್ವಮಂಡಲ ಕಾಲದ ಗರಿಷ್ಠ ಉಷ್ಣತೆಯನ್ನು 160 ಡಿಗ್ರಿಗೆ ಮಿತಿಗೊಳಿಸಿವೆ.

ಎರಡನೆಯ ದೋಷ ಇದಕ್ಕಿಂತ ಗೂಢವಾದುದು. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಕೇಬಲ್ಲಿನ ಎಳೆಗಳು ಕರಗಿದ ಬೆಸುಗೆಯನ್ನು ಕೇಶಾಕರ್ಷಣೆಯಿಂದ ಒಳಕ್ಕೆ ಹೀರಿಕೊಳ್ಳುತ್ತವೆ. ನೂರಾರು ಎಳೆಗಳು ಸೇರಿ ಒಂದೇ ಗಟ್ಟಿ ಸಲಾಕೆಯಾಗುತ್ತವೆ. ಈ ಸಲಾಕೆ ಮುಗಿದು ಬಿಡಿ ಎಳೆಗಳು ಮೊದಲಾಗುವ ಗೆರೆಯಲ್ಲಿಯೇ ಬಾಗುವಿಕೆಯೆಲ್ಲ ಕೇಂದ್ರೀಕರಿಸುತ್ತದೆ. ನೀರು ಹಾಕಲು ಬ್ಯಾಟರಿಯನ್ನು ಆಗಾಗ್ಗೆ ಎಳೆದು ಸರಿಸಿದಾಗ ಅಲ್ಲಿ ಒಂದೊಂದೇ ಎಳೆ ತುಂಡಾಗುತ್ತದೆ. ಆ ಗೆರೆ ಹೊದಿಕೆಯ ಅಡಿಯಲ್ಲಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಕ್ರಿಂಪಿಂಗಿನಲ್ಲಿ ನಡೆಯುವ ಕ್ರಿಯೆ ಬೇರೆ. ಷಟ್ಕೋಣದ ಅಚ್ಚು ಮುಚ್ಚಿಕೊಳ್ಳುತ್ತಿರುವಂತೆ ಎಳೆಗಳ ನಡುವಣ ಗಾಳಿಯ ಎಡೆಗಳು ಅಡಗಿ, ದುಂಡಗಿನ ಎಳೆಗಳು ಜೇನುಗೂಡಿನ ಕಣಗಳಂತೆ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಲೋಹ ಹರಿದು ಉಜ್ಜಿಕೊಳ್ಳುವಾಗ ಮೇಲ್ಮೈಯ ಆಕ್ಸೈಡಿನ ಪೊರೆ ಒಡೆದು, ಶುದ್ಧ ತಾಮ್ರ ಶುದ್ಧ ತಾಮ್ರವನ್ನು ಮುಟ್ಟುತ್ತದೆ. ಅಚ್ಚನ್ನು ತೆಗೆದ ಮೇಲೆಯೂ ಕೊಳವೆಯಲ್ಲಿ ಉಳಿಯುವ ಸ್ಥಿತಿಸ್ಥಾಪಕ ಬಿಗಿತ ಎಳೆಗಳನ್ನು ಹಿಡಿದಿರುತ್ತದೆ. ಒಳಗೆ ಗಾಳಿ ತೂರದುದರಿಂದ ಆಮ್ಲದ ಆವಿಗೂ ಪ್ರವೇಶವಿಲ್ಲ. ಸೀಸ–ಆಮ್ಲದ ಬ್ಯಾಟರಿಯ ಸಮೀಪದಲ್ಲಿ ಇದು ಸಣ್ಣ ಲಾಭವಲ್ಲ.

ಆದರೆ ಈ ಗುಣಗಳೆಲ್ಲ ಸರಿಯಾದ ಅಚ್ಚಿಗೆ ಸಲ್ಲುವಂಥವು. ಉಳಿ ಸುತ್ತಿಗೆಗಳಿಂದ ಜಜ್ಜಿದ ಲಗ್ಗಿಗೆ ಸಲ್ಲವು. ಅಂಥ ಲಗ್ಗು ಎರಡು ಕಡೆ ಚಪ್ಪಟೆಯಾಗಿ ಇಕ್ಕೆಲದಲ್ಲಿ ಎಡೆ ಬಿಡುತ್ತದೆ. ಅದಕ್ಕಿಂತ ಒಳ್ಳೆಯ ಬೆಸುಗೆಯೇ ಮೇಲು. ಲಗ್ಗಿನ ಮೇಲೆ 25–8 ಎಂದು ಮುದ್ರಿಸಿದ್ದರೆ 25 ಚದರ ಮಿಲಿಮೀಟರಿನ ತಂತಿಗೆ, 8 ಮಿಲಿಮೀಟರಿನ ಬೋಲ್ಟಿಗೆ ಎಂದು ಅರ್ಥ. 35ರ ಲಗ್ಗಿಗೆ 25ರ ಕೇಬಲ್ಲನ್ನು ತೂರಿಸಿ, ಖಾಲಿ ಜಾಗಕ್ಕೆ ತುಂಡು ತಂತಿಗಳನ್ನು ತುರುಕುವ ಪದ್ಧತಿ ಖಂಡನೀಯ.

ಅದುಮಿದ ಮೇಲೆ ಭದ್ರತೆಗೆಂದು ಬೆಸುಗೆಯನ್ನೂ ತುಂಬುವವರುಂಟು. ಸರಿಯಾದ ಕ್ರಿಂಪಿನೊಳಗೆ ಬೆಸುಗೆಗೆ ಜಾಗವೇ ಇರುವುದಿಲ್ಲ. ಕೊಟ್ಟ ಶಾಖದಿಂದ ಮೇಲೆ ಹೇಳಿದ ಬಿಗಿತ ಸಡಿಲುತ್ತದೆ, ಎಳೆಗಳು ಸೆಟೆಯುತ್ತವೆ. ಮೊದಲು ಎಳೆಗಳಿಗೆ ಬೆಸುಗೆ ಸವರಿ ಆಮೇಲೆ ಅದುಮುವುದು ಇನ್ನೂ ಕೆಟ್ಟದ್ದು. ಅಮೆರಿಕದ ನಾಸಾ ಸಂಸ್ಥೆಯ ಕೆಲಸದ ನಿಯಮಗಳು ಇದನ್ನು ನಿಷೇಧಿಸಿವೆ. ಸದಾ ಅಲುಗಾಡುವ ದೋಣಿಗಳ ವಿದ್ಯುತ್ ಕೆಲಸಕ್ಕಾಗಿ ಅದೇ ದೇಶದಲ್ಲಿ ರಚಿತವಾದ ನಿಯಮಾವಳಿ, ಬೆಸುಗೆಯೊಂದೇ ಯಾಂತ್ರಿಕ ಆಧಾರವಾಗಿರಬಾರದೆಂದು ವಿಧಿಸಿದೆ. ಆದರೂ ತಂತಿಯ ವ್ಯಾಸದ ಒಂದೂವರೆ ಪಟ್ಟು ಉದ್ದ ಬೆಸುಗೆಯಿರುವ ಬ್ಯಾಟರಿಯ ಲಗ್ಗಿಗೆ ಅದು ವಿನಾಯಿತಿ ಕೊಟ್ಟಿದೆ. ಆದುದರಿಂದ ಬೆಸುಗೆ ಸರ್ವಥಾ ವರ್ಜ್ಯವೆಂದು ನಾವು ಹೇಳಲಾರೆವು. ಒಳ್ಳೆಯ ಅಚ್ಚು ದೊರೆಯದೆ, ಕೇಬಲ್ ಅಲುಗದಂತೆ ಗೋಡೆಗೆ ಬಿಗಿದಿದ್ದು, ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸ್ ಇದ್ದರೆ ಬೆಸುಗೆಯಿಂದ ಕೆಲಸ ನಡೆದೀತು.

ಜೋಡಣೆಯ ಗುಣವನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿರುವ ಸಾಮಾನ್ಯ ಮಲ್ಟಿಮೀಟರಿನಿಂದಲೇ ಅಳೆಯಬಹುದು. ಇನ್ವರ್ಟರಿಗೆ ಪೂರ್ಣಭಾರ ಕೊಟ್ಟು, ಮೀಟರನ್ನು 200 ಮಿಲಿವೋಲ್ಟಿನ ಶ್ರೇಣಿಗೆ ತಿರುಗಿಸಿ, ಒಂದು ಮೊನೆಯನ್ನು ಲಗ್ಗಿನ ಚಪ್ಪಟೆ ಭಾಗಕ್ಕೂ ಇನ್ನೊಂದನ್ನು ಕೊಳವೆಯ ಬಾಯಲ್ಲಿ ಕಾಣುವ ಎಳೆಗಳಿಗೂ ಮುಟ್ಟಿಸಬೇಕು. ಒಳ್ಳೆಯ ಕ್ರಿಂಪಿನ ರೋಧ ಅಷ್ಟೇ ಉದ್ದದ ಕೇಬಲ್ಲಿನ ರೋಧವನ್ನು ಮೀರಬಾರದು: 25 ಚದರ ಮಿಲಿಮೀಟರಿನ ಕೇಬಲ್ಲಿನಲ್ಲಿ 3 ಸೆಂಟಿಮೀಟರಿಗೆ ಸುಮಾರು 0.02 ಮಿಲಿಓಮ್, 83 ಆಂಪಿಯರಿನಲ್ಲಿ 2 ಮಿಲಿವೋಲ್ಟಿಗೆ ಸಮೀಪ. ಮೀಟರ್ ಹತ್ತಾರು ಮಿಲಿವೋಲ್ಟ್ ತೋರಿಸಿದರೆ, ಆ ಲಗ್ಗನ್ನು ಮತ್ತೆ ಅದುಮಲು ಯತ್ನಿಸದೆ ಕತ್ತರಿಸಿ ತೆಗೆದು, ಹೊಳೆಯುವ ತಾಮ್ರ ಕಾಣುವಲ್ಲಿಯವರೆಗೆ ಹೊದಿಕೆ ಸುಲಿದು ಹೊಸ ಲಗ್ಗು ಹಾಕಬೇಕು. ಇದಕ್ಕಾಗಿ ಮೊದಲ ಸಲ ಕೇಬಲ್ ಎಳೆಯುವಾಗಲೇ ಪ್ರತಿ ತುದಿಯಲ್ಲಿ ಒಂದು ಗೇಣು ಹೆಚ್ಚು ಬಿಟ್ಟಿರುವುದು ಒಳ್ಳೆಯದು.