ಪದ ಮುರಿಯುವುದು ಎಲ್ಲಿ?

ಇಂಗ್ಲಿಷ್ ಪುಸ್ತಕದಲ್ಲಿ ಸಾಲಿನ ತುದಿಗೆ ಬಂದ ಉದ್ದ ಪದ ಅಲ್ಲಿ ಹಿಡಿಸದಿದ್ದರೆ ಅದನ್ನು ಮುರಿದು, ಸಣ್ಣ ಅಡ್ಡಗೆರೆ ಎಳೆದು, ಉಳಿದ ಭಾಗವನ್ನು ಕೆಳಗಿನ ಸಾಲಿಗೆ ದಾಟಿಸುತ್ತಾರೆ. 1450ರ ದಶಕದಲ್ಲಿ ಗುಟೆನ್‌ಬರ್ಗ್ ಲ್ಯಾಟಿನ್ ಬೈಬಲನ್ನು ಅಚ್ಚು ಹಾಕಿದಾಗಲೇ ಸಾಲಿನ ತುದಿಯಲ್ಲಿ ಇಂಥ ಗೆರೆಗಳಿದ್ದವು. ಆದರೆ ಪದವನ್ನು ಎಲ್ಲಿ ಮುರಿಯಬೇಕು?

ಅಮೆರಿಕದ ಶಾಲಾ ಮೇಷ್ಟ್ರು ನೋವಾ ವೆಬ್‌ಸ್ಟರ್ ಇದನ್ನು ಮಕ್ಕಳ ಓದಿನ ಪ್ರಶ್ನೆಯಾಗಿ ಕಂಡರು. ಆಗ ಶಾಲೆಗಳಲ್ಲಿದ್ದದ್ದು ಇಂಗ್ಲೆಂಡಿನ ಥಾಮಸ್ ಡಿಲ್ವರ್ತ್ ಬರೆದ ಪುಸ್ತಕ. ಅದು ‘ಹ್ಯಾಬಿಟ್’ ಪದವನ್ನು ‘ಎಚ್, ಎ’ ಆದ ಕೂಡಲೇ ಮುರಿಯುತ್ತಿತ್ತು. ಹಾಗೆ ಬಿಡಿಸಿ ಕೊಟ್ಟರೆ ಮಗು ‘ಹೇ-ಬಿಟ್’ ಎಂದು ಓದದೆ ಇನ್ನೇನು ಮಾಡೀತು! 1783ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಪ್ರಕಟವಾದ ತಮ್ಮ ಕಾಗುಣಿತ ಪುಸ್ತಕದಲ್ಲಿ ವೆಬ್‌ಸ್ಟರ್ ‘ಬಿ’ಯನ್ನು ಮೊದಲ ತುಂಡಿಗೆ ಸೇರಿಸಿದರು. ನಾಲಿಗೆ ನಿಲ್ಲುವಲ್ಲೇ ಪದವೂ ನಿಲ್ಲಲಿ ಎಂಬುದು ಅವರ ನಿಲುವು.

ಬ್ರಿಟಿಷರಿಗೆ ಪದದ ಬೇರು ಮುಖ್ಯವಾಗಿ ಉಳಿಯಿತು. ಗ್ರೀಕಿನಲ್ಲಿ ‘ಡೆಮೋಸ್’ ಎಂದರೆ ಜನ, ‘ಕ್ರಾಟೋಸ್’ ಎಂದರೆ ಅಧಿಕಾರ. ಹಾಗಾಗಿ ಅವರದು ‘ಡೆಮೊ-ಕ್ರಸಿ’, ಅಮೆರಿಕನ್ನರದು ‘ಡೆಮಾಕ್-ರಸಿ’. ಅರ್ಥ ಕಾಣುವುದು ಮೊದಲನೆಯದರಲ್ಲೇ. ಆದರೂ ಓದು ಕಲಿಯುವ ಮಗುವಿನ ಪರ ನಿಂತ ವೆಬ್‌ಸ್ಟರ್ ಕಡೆಗೇ ನನ್ನ ಒಲವು. ಕನ್ನಡಕ್ಕೆ ಈ ಪೇಚು ಅಷ್ಟಾಗಿಲ್ಲ. ನಮ್ಮ ಅಕ್ಷರವೇ ಉಚ್ಚಾರದ ತುಣುಕು. ಪತ್ರಿಕೆಯ ಕಿರಿದಾದ ಅಂಕಣದಲ್ಲಿ ಎರಡು ಅಕ್ಷರಗಳ ನಡುವೆ ಮುರಿದರೂ ಓದು ಅಷ್ಟು ತೊಡರುವುದಿಲ್ಲ.

ಕಂಪ್ಯೂಟರಿಗೆ ಕಿವಿಯೂ ಇಲ್ಲ, ಗ್ರೀಕೂ ಗೊತ್ತಿಲ್ಲ. ಡೊನಾಲ್ಡ್ ಕ್ನೂತ್ ಅವರ ಅಕ್ಷರಜೋಡಣೆ ತಂತ್ರಾಂಶ ‘ಟೆಕ್’ಗಾಗಿ ದಾರಿ ಹುಡುಕಿದವರು ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಶಿಷ್ಯರಾಗಿದ್ದ ಫ್ರ್ಯಾಂಕ್ಲಿನ್ ಲಿಯಾಂಗ್. 1983ರ ತಮ್ಮ ಪ್ರಬಂಧದ ಶೀರ್ಷಿಕೆಯ ಪದಗಳನ್ನೂ ಅವರು ಗೆರೆ ಹಾಕಿ ಬಿಡಿಸಿಯೇ ಅಚ್ಚು ಮಾಡಿಸಿದರು. ವೆಬ್‌ಸ್ಟರ್ ಹೆಸರು ಹೊತ್ತ ಕಿರುನಿಘಂಟಿನ ಪದಗಳಿಂದ ಅವರು ಪುಟ್ಟ ಪುಟ್ಟ ಅಕ್ಷರಸರಗಳನ್ನು ಹೆಕ್ಕಿ, ಅಕ್ಷರಗಳ ನಡುವೆ ಅಂಕಿ ಇಟ್ಟರು. ಬೆಸ ಅಂಕಿ ಬಂದರೆ ಅಲ್ಲಿ ಮುರಿಯಬಹುದು, ಸಮ ಅಂಕಿ ಬಂದರೆ ಕೂಡದು. ಒಂದೇ ಜಾಗಕ್ಕೆ ಹಲವು ಅಂಕಿ ಬಿದ್ದರೆ ದೊಡ್ಡದರ ಮಾತು ನಡೆಯುತ್ತದೆ. ಇಂಥ 4,447 ಸರಗಳು ನಿಘಂಟಿನ ಗೆರೆಗಳಲ್ಲಿ ಶೇ 89ರಷ್ಟನ್ನು ಗುರುತಿಸಿದವು. ಕೆಲವು ಗೆರೆ ತಪ್ಪಿಹೋದರೂ ಚಿಂತೆಯಿಲ್ಲ, ಸಲ್ಲದ ಕಡೆ ಮುರಿಯಬಾರದು ಎಂಬ ಎಚ್ಚರವೇ ಈ ಕೆಲಸದ ಹೆಚ್ಚುಗಾರಿಕೆ.

ಸರಗಳಿಗೆ ಬಗ್ಗದ 14 ಪದರೂಪಗಳನ್ನು ಟೆಕ್ ಬೇರೆ ಪಟ್ಟಿಯಲ್ಲಿಟ್ಟಿತು. ಅವುಗಳಲ್ಲಿ ‘ಪ್ರೆಸೆಂಟ್’, ‘ಪ್ರಾಜೆಕ್ಟ್’ ಕೂಡ ಇವೆ. ನಾಮಪದವಾದಾಗ ಒಂದು ಕಡೆ, ಕ್ರಿಯಾಪದವಾದಾಗ ಇನ್ನೊಂದು ಕಡೆ ಮುರಿಯುವ ಪದಗಳಿವು. ವಾಕ್ಯದ ಅರ್ಥ ತಿಳಿಯದ ಯಂತ್ರ ಇವನ್ನು ಎಲ್ಲಿಯೂ ಮುರಿಯದೆ ಇಡಿಯಾಗಿ ಬಿಡುತ್ತದೆ.