ಕರಾವಳಿಗೆ ಬಾಡಿಗೆ ಕಾರೋ, ರೈಲು-ಬಸ್ಸೋ?

ದಸರಾ ರಜೆ ಹತ್ತಿರವಾದಂತೆ ಬಯಲುಸೀಮೆಯ ಮನೆಗಳಲ್ಲಿ ಕಡಲಿನ ಮಾತು ಶುರುವಾಗುತ್ತದೆ. ಉಡುಪಿ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ ಎಂದು ಊರುಗಳ ಪಟ್ಟಿ ಐದೇ ನಿಮಿಷದಲ್ಲಿ ಸಿದ್ಧ. ಹೋಗುವುದು ಹೇಗೆ ಎಂಬಲ್ಲಿಗೆ ಬಂದಾಗ ಮಾತ್ರ ಎಲ್ಲರ ದನಿಯೂ ಏರುತ್ತದೆ. ಮಕ್ಕಳಿಗೆ ಕಿಟಕಿ ಬದಿಯ ಸೀಟು ಬೇಕು, ಅಜ್ಜಿಗೆ ಬಸ್ಸಿನ ಮೆಟ್ಟಿಲು ಎತ್ತರ, ಯಜಮಾನರಿಗೆ ಖರ್ಚಿನ ಚಿಂತೆ. ಕೊನೆಗೆ ಯಾರೋ ಒಬ್ಬರು ‘ಸುಮ್ಮನೆ ಒಂದು ಗಾಡಿ ಮಾಡಿಕೊಂಡುಬಿಡೋಣ’ ಎನ್ನುತ್ತಾರೆ. ಚರ್ಚೆ ಅಲ್ಲಿಗೆ ಮುಗಿಯುತ್ತದೆ. ಇನ್ನೊಂದಿಷ್ಟು ಹೊತ್ತು ನಡೆಯಬೇಕಾದ ಚರ್ಚೆ ಅದು.

ನಕಾಶೆ ಬಿಡಿಸಿ ನೋಡಿದರೆ ಕರ್ನಾಟಕದ ಕರಾವಳಿ ಒಂದು ಗೆರೆಯಂತೆ ಕಾಣುತ್ತದೆ. ಪೂರ್ವಕ್ಕೆ ಘಟ್ಟ, ಪಶ್ಚಿಮಕ್ಕೆ ಕಡಲು, ನಡುವೆ ಕಿರಿದಾದ ನೆಲದ ಪಟ್ಟಿ. ಉದ್ದ ಸುಮಾರು 300 ಕಿ.ಮೀ. ನೇತ್ರಾವತಿ, ಸ್ವರ್ಣಾ, ಸೌಪರ್ಣಿಕಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಎಲ್ಲವೂ ಈ ಪಟ್ಟಿಯನ್ನು ಅಡ್ಡಲಾಗಿ ಕತ್ತರಿಸಿ ಸಮುದ್ರ ಸೇರುತ್ತವೆ. ಸೇತುವೆಗಳಿಲ್ಲದ ಕಾಲದಲ್ಲಿ ಹೊಳೆ ಹೊಳೆಗೂ ದೋಣಿ ಕಾಯಬೇಕಿತ್ತು. ಇಂದು ಅದೇ ಪಟ್ಟಿಯ ಮೇಲೆ ದಕ್ಷಿಣೋತ್ತರವಾಗಿ ರಾಷ್ಟ್ರೀಯ ಹೆದ್ದಾರಿ 66 ಇದೆ (ಹಿಂದೆ ಇದರ ಸಂಖ್ಯೆ 17). 1998ರ ಜನವರಿ 26ರಂದು ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗವೂ ಅದರ ಜೊತೆಜೊತೆಗೇ ಸಾಗುತ್ತದೆ. ಅಂದರೆ ಗೆರೆಯ ಉದ್ದಕ್ಕೆ ಸಾಗಲು ಪ್ರವಾಸಿಗೆ ವಾಹನದ ಕೊರತೆಯಿಲ್ಲ. ಕೊರತೆ ಇರುವುದು ಗೆರೆಯಿಂದ ಪಕ್ಕಕ್ಕೆ ಹೊರಳಿದಾಗ.

ಉಡುಪಿ ರೈಲು ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ; ಕೃಷ್ಣಮಠಕ್ಕೆ ಅಲ್ಲಿಂದ ಮೂರು-ನಾಲ್ಕು ಕಿ.ಮೀ. ಮುರುಡೇಶ್ವರದಲ್ಲಿ ದೇವಾಲಯ ನಿಲ್ದಾಣಕ್ಕೆ ಸಮೀಪವೇ. ಆದರೆ ‘ಗೋಕರ್ಣ ರೋಡ್’ ಎಂಬ ಹೆಸರಿನಲ್ಲಿರುವ ‘ರೋಡ್’ ಸುಮ್ಮನೆ ಸೇರಿದ್ದಲ್ಲ. ಊರು ಅಲ್ಲಿಂದ ಸುಮಾರು 10 ಕಿ.ಮೀ. ದೂರ. ಬೈಂದೂರು ನಿಲ್ದಾಣಕ್ಕೆ ‘ಮೂಕಾಂಬಿಕಾ ರೋಡ್’ ಎಂಬ ಹೆಸರೂ ಉಂಟು. ಕೊಲ್ಲೂರಿಗೆ ಇನ್ನೂ 30 ಕಿ.ಮೀ. ಸಾಗಬೇಕು. ಈ ಬಾಲಂಗೋಚಿಗಳಿಗೆಲ್ಲ ಆಟೋ ಹಿಡಿಯಬೇಕು. ಮೀಟರ್ ಹಾಕಿ ಎಂದರೆ ನಗುವ ಚಾಲಕರೂ ಇದ್ದಾರೆ. ಆದರೂ ಹತ್ತು ಕಿ.ಮೀ. ಆಟೋಗಾಗಿ ಬೆಂಗಳೂರಿನಿಂದ ಕಾರು ತರುವುದು ದೋಸೆ ತಿನ್ನಲು ಕಾವಲಿ ಹೊತ್ತು ತಂದಂತೆ.

ನಿಂತ ಕಾರಿಗೂ ಬಾಡಿಗೆ

ಬಾಡಿಗೆ ಗಾಡಿಯ ಲೆಕ್ಕ ಹಲವರಿಗೆ ಅರ್ಥವಾಗುವುದು ಹಿಂದಿರುಗಿ ಬಿಲ್ಲು ನೋಡಿದಾಗ. ಹೊರ ಊರಿಗೆ ಹೋಗುವ ಗಾಡಿಗೆ ಸಾಮಾನ್ಯವಾಗಿ ದಿನಕ್ಕೆ ಇಷ್ಟು ಕಿ.ಮೀ. ಎಂಬ ಕನಿಷ್ಠ ಮಿತಿ ಇರುತ್ತದೆ. 250 ಅಥವಾ 300. ನಾಲ್ಕು ದಿನವೆಂದರೆ 1,200 ಕಿ.ಮೀ.ಗೆ ದುಡ್ಡು ಕೊಟ್ಟೇ ತೀರಬೇಕು. ಬೆಂಗಳೂರಿನಿಂದ ಉಡುಪಿಗೆ ಸುಮಾರು 400, ಅಲ್ಲಿಂದ ಗೋಕರ್ಣಕ್ಕೆ 180ರ ಆಸುಪಾಸು, ಮರಳಲು 480 ಕಿ.ಮೀ. ಎಂದಿಟ್ಟುಕೊಂಡರೆ ನಿಜವಾಗಿ ಓಡುವುದೂ ಹತ್ತಿರಹತ್ತಿರ ಅಷ್ಟೇ. ಆದರೆ ಮಲ್ಪೆಯಲ್ಲಿ ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ನೀರಾಡಿದ ದಿನ, ವಸತಿಗೃಹದ ತೆಂಗಿನ ನೆರಳಲ್ಲಿ ನಿಂತ ಕಾರೂ ಕಾಗದದ ಮೇಲೆ 300 ಕಿ.ಮೀ. ಓಡಿರುತ್ತದೆ. ಇದಕ್ಕೆ ಚಾಲಕನ ಬಾಟಾ ಸೇರುತ್ತದೆ. ಹೆಜಮಾಡಿ, ಸಾಸ್ತಾನ, ಶಿರೂರು, ಹೊಳೆಗದ್ದೆಗಳಲ್ಲಿ ಟೋಲ್ ಬೇರೆ. ಗಾಡಿ ಶೆಡ್ಡಿನಿಂದ ಹೊರಟ ಕ್ಷಣದಿಂದ ಲೆಕ್ಕವೋ, ಮನೆ ಬಾಗಿಲಿನಿಂದಲೋ ಎಂಬುದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಕಾರಿನ ಪರವಾಗಿಯೂ ಹೇಳಬೇಕಾದದ್ದಿದೆ. ಆರೇಳು ಜನ ತುಂಬಿದ ಗಾಡಿಯಲ್ಲಿ ತಲೆಗೆ ಬೀಳುವ ಖರ್ಚು ಹವಾನಿಯಂತ್ರಿತ ಬಸ್ಸಿನ ಟಿಕೆಟ್ಟಿನ ಸಮೀಪಕ್ಕೆ ಬರುತ್ತದೆ. ಮೂರೇ ಜನರಿದ್ದರೆ ಬರುವುದಿಲ್ಲ. ಸಮುದ್ರಸ್ನಾನವಾದ ಮೇಲೆ ಮರಳು ಮೆತ್ತಿದ ಒದ್ದೆ ಬಟ್ಟೆಯ ಗಂಟನ್ನು ಡಿಕ್ಕಿಗೆ ಎಸೆದು ಮುಂದಿನ ಊರಿಗೆ ಹೊರಡುವ ಸುಖ ಬಸ್ಸಿನವರಿಗಿಲ್ಲ. ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದವರ ಮುಖ ನೋಡದೆ ಕೂರಬೇಕು.

ತಾವೇ ಓಡಿಸುವ ಬಾಡಿಗೆ ಕಾರು ಈಗ ಬಹಳ ಜನರಿಗೆ ಇಷ್ಟ. ಅಂಥವರು ಮೊದಲು ನೋಡಬೇಕಾದದ್ದು ಕಾರಿನ ಬಣ್ಣವನ್ನಲ್ಲ, ನಂಬರ್ ಪ್ಲೇಟನ್ನು. ಚಾಲಕನೊಂದಿಗೆ ಬರುವ ಟ್ಯಾಕ್ಸಿಗೆ ಹಳದಿ ಹಲಗೆ, ಕಪ್ಪು ಅಕ್ಷರ. ಚಾಲಕನಿಲ್ಲದೆ ಬಾಡಿಗೆಗೆ ಕೊಡುವ ಕಾರಿಗೆ ಕಪ್ಪು ಹಲಗೆ, ಹಳದಿ ಅಕ್ಷರ. ಬಿಳಿ ಹಲಗೆಯದು ಖಾಸಗಿ ಕಾರು. ಅದನ್ನು ಬಾಡಿಗೆಗೆ ಕೊಡುವಂತಿಲ್ಲ. ‘ಸ್ನೇಹಿತರ ಗಾಡಿ, ಕಡಿಮೆಗೆ ಸಿಗುತ್ತೆ’ ಎಂದು ತಂದ ಬಿಳಿ ಹಲಗೆಯ ಕಾರು ಅಪಘಾತಕ್ಕೆ ಸಿಕ್ಕರೆ ವಿಮೆಯ ಹಣಕ್ಕೇ ತಕರಾರು ಬರಬಹುದು. ಮರಳಿನ ಮೇಲೆ ಕಾರು ಇಳಿಸುವ ಚಪಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಸಿಕ್ಕಿಬಿದ್ದ ಚಕ್ರಕ್ಕಾಗಿ ಸಮುದ್ರ ಕಾಯುವುದಿಲ್ಲ.

‘ಬಲೆ ಬಲೆ’ ಎನ್ನುವ ಬಸ್ಸು

ಮಂಗಳೂರು–ಉಡುಪಿ–ಕುಂದಾಪುರದ ಖಾಸಗಿ ಬಸ್ಸುಗಳದ್ದು ಬೇರೆಯದೇ ಒಂದು ಲೋಕ. ನಿಲ್ದಾಣದಲ್ಲಿ ಟೈಮ್ ಕೀಪರ್ ಗಡಿಯಾರ ಹಿಡಿದು ನಿಂತಿರುತ್ತಾನೆ. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಜಗಳಕ್ಕೆ ಬರುತ್ತಾನೆ. ಕಂಡಕ್ಟರ್ ‘ಬಲೆ ಬಲೆ’ ಎಂದು ಕರೆದು ಹತ್ತಿಸಿಕೊಂಡು, ‘ದುಂಬು ಪೋಲೆ’ ಎಂದು ಮುಂದಕ್ಕೆ ತಳ್ಳಿ, ಸೀಟಿ ಊದುತ್ತಾನೆ. ಹಗಲಿನಲ್ಲಿ ಈ ದಾರಿಯಲ್ಲಿ ಬಸ್ಸಿಗಾಗಿ ಹೆಚ್ಚು ಕಾಯಬೇಕಾದ ಪ್ರಮೇಯವಿಲ್ಲ. ಸಮಯ ಕಾಯ್ದುಕೊಳ್ಳುವ ಪೈಪೋಟಿಯಲ್ಲಿ ಕೆಲವು ಬಸ್ಸುಗಳು ಓಡುವ ವೇಗ ಮಾತ್ರ ಮೆಚ್ಚುವಂಥದ್ದಲ್ಲ. ರಾತ್ರಿ ಎಂಟರ ನಂತರ ಒಳದಾರಿಗಳ ಬಸ್ಸು ವಿರಳ. ಯಾವ ಊರಿಗೆ ಹೋದರೂ ಇಳಿದ ಕೂಡಲೇ ‘ಕೊನೆಯ ಬಸ್ಸು ಎಷ್ಟಕ್ಕೆ’ ಎಂದು ಕೇಳುವುದೇ ಲೇಸು.

ಭಟ್ಕಳ ಬಂತೆಂದರೆ ಚಿತ್ರ ಬದಲಾಗುತ್ತದೆ. ಉತ್ತರ ಕನ್ನಡದಲ್ಲಿ ಮುಖ್ಯವಾಗಿ ಓಡುವುದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ವಾಯವ್ಯ ಸಾರಿಗೆಯ ಬಸ್ಸು. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ. ಖಾಸಗಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಹೀಗಾಗಿ ತಾಯಿ-ಮಗಳಿಬ್ಬರು ಉಡುಪಿಯಿಂದ ಕುಂದಾಪುರಕ್ಕೆ ಖಾಸಗಿ ಬಸ್ಸಿನಲ್ಲಿ ಟಿಕೆಟ್ ಕೊಳ್ಳುತ್ತಾರೆ, ಭಟ್ಕಳದಿಂದ ಕುಮಟಾಕ್ಕೆ ಗುರುತಿನ ಚೀಟಿ ತೋರಿಸಿ ಹೋಗುತ್ತಾರೆ.

ರೈಲಿನ ಬಗ್ಗೆ ಒಂದು ತಪ್ಪುಕಲ್ಪನೆಯಿದೆ. ಕರಾವಳಿಯ ರೈಲೆಂದರೆ ಕಿಟಕಿಯಾಚೆ ಸಮುದ್ರ ಎಂದು ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಹಳಿ ಬಹುಪಾಲು ಒಳನಾಡಿನಲ್ಲೇ ಇದೆ: ಗದ್ದೆ, ತೋಟ, ಕೆಂಪುಕಲ್ಲಿನ ಗುಡ್ಡದ ಸೀಳು, ಸುರಂಗ. ಕಡಲನ್ನು ರಸ್ತೆಯ ಅಂಚಿನಲ್ಲೇ ಕಾಣಬೇಕಿದ್ದರೆ ಹೆದ್ದಾರಿಯೇ ಗತಿ. ಮರವಂತೆಯಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕೆ. ರೈಲು ಕೊಡುವ ನೋಟ ನದಿಗಳದ್ದು. ಹೊನ್ನಾವರದ ಬಳಿ ಶರಾವತಿಯ ಮೇಲಿನ ಸೇತುವೆ ಎರಡು ಕಿ.ಮೀ.ಗಿಂತ ಉದ್ದ, ಕೊಂಕಣ ಮಾರ್ಗದಲ್ಲೇ ಅತಿ ಉದ್ದದ್ದು. ಮಾರ್ಗ ಬಹುತೇಕ ಏಕಪಥವಾದ್ದರಿಂದ ಪ್ಯಾಸೆಂಜರ್ ಗಾಡಿ ಅಲ್ಲಲ್ಲಿ ಎದುರು ಗಾಡಿಗೆ ದಾರಿ ಬಿಟ್ಟು ನಿಲ್ಲುತ್ತದೆ. ಅವಸರದವರು ಹತ್ತಬಾರದು.

ಹಂಡೆ ನೀರು ಕುದಿಸುವ ಘಟ್ಟ

ಇಷ್ಟೆಲ್ಲ ಲೆಕ್ಕದಲ್ಲೂ ಯಾರೂ ಬರೆದುಕೊಳ್ಳದ ಒಂದು ಬಾಬ್ತು ಇದೆ: ಚಾಲಕನ ನಿದ್ದೆ. ಸಕಲೇಶಪುರದಿಂದ ಶಿರಾಡಿ ಇಳಿಯುವಾಗ ವಾಹನ ಸುಮಾರು 800 ಮೀಟರ್ ಕೆಳಕ್ಕೆ ಬರುತ್ತದೆ. ಜನ, ಸಾಮಾನು ಸೇರಿ ಎರಡು ಟನ್ ತೂಗುವ ಗಾಡಿಯಾದರೆ, ಹಾಗೆ ಇಳಿಯುವಾಗ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 45 ಲೀಟರ್ ತಣ್ಣೀರನ್ನು, ಅಂದರೆ ಬಚ್ಚಲಿನ ಒಂದು ಹಂಡೆ ನೀರನ್ನು, ಕುದಿಯುವಷ್ಟು ಬಿಸಿ ಮಾಡಬಲ್ಲದು. ಆ ಬಿಸಿಯ ಬಹುಪಾಲನ್ನು ಬ್ರೇಕು ಮತ್ತು ಎಂಜಿನ್ ನುಂಗಿಕೊಳ್ಳಬೇಕು. ಬ್ರೇಕನ್ನೇ ಒತ್ತುತ್ತ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕೇ ಅನುಭವಿಗಳು ಎರಡನೆಯ ಗೇರಿನಲ್ಲಿ ಇಳಿಸುವುದು. ಘಟ್ಟದ ಪರಿಚಯವಿಲ್ಲದ, ತಾವೇ ಓಡಿಸುವ ಪ್ರವಾಸಿಗರಿಗೆ ಇದನ್ನು ಹೇಳುವವರಿಲ್ಲ.

ಇದಕ್ಕಿಂತ ಭಯ ಹುಟ್ಟಿಸುವುದು ಮರಳುವ ರಾತ್ರಿ. ಭಾನುವಾರ ಸಂಜೆಯವರೆಗೂ ಗೋಕರ್ಣದಲ್ಲಿದ್ದು, ಸೋಮವಾರ ಬೆಳಿಗ್ಗೆ ಕಚೇರಿಗೆ ಹಾಜರಾಗಬೇಕೆಂದು ರಾತ್ರಿಯಿಡೀ ಗಾಡಿ ಓಡಿಸುವುದು ಈಗ ಮಾಮೂಲು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ರೆಪ್ಪೆ ಮೂರು ಸೆಕೆಂಡು ಮುಚ್ಚಿದರೆ 66 ಮೀಟರ್ ಕುರುಡಾಗಿ ಓಡಿದಂತಾಯಿತು. ಸಾರಿಗೆ ಕಾರ್ಮಿಕರಿಗೆ ದಿನಕ್ಕೆ ಎಂಟು ಗಂಟೆ ಕೆಲಸ ಎಂದು 1961ರಲ್ಲೇ ಕಾನೂನು ಬರೆದಾಗಿತ್ತು. ಪ್ರವಾಸದ ಗಾಡಿಯಲ್ಲಿ ಅದನ್ನು ಎಣಿಸುವವರಾರು? ಹಗಲೆಲ್ಲ ದೇವಸ್ಥಾನ, ಕಡಲತೀರ ಸುತ್ತಿಸಿದ ಚಾಲಕ ರಾತ್ರಿ ಸೀಟು ಹಿಂದಕ್ಕೆ ಬಾಗಿಸಿ, ಸೊಳ್ಳೆಗಳ ನಡುವೆ ಗಾಡಿಯಲ್ಲೇ ಮಲಗಿರುತ್ತಾನೆ. ರೈಲಿನಲ್ಲಿ ಹೋದವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಮಲಗಿದವರು 57 ಸುರಂಗಗಳ ಘಟ್ಟದ ಹಳಿಯನ್ನು ನಿದ್ದೆಯಲ್ಲೇ ದಾಟುತ್ತಾರೆ. ತೊಡಕು ಒಂದೇ: ರಜೆಯ ದಿನಗಳಲ್ಲಿ ಟಿಕೆಟ್ ಸಿಗುವುದು ಕಷ್ಟ. ಮುಂಗಡ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಕ್ಕೆ ಇಳಿಸಲಾಗಿದೆ. ಅರವತ್ತನೆಯ ದಿನದ ಬೆಳಿಗ್ಗೆಯೇ ಎದ್ದು ಕೂರಬೇಕು.

ಮಳೆಗಾಲದ ಮಾತು ಬೇರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಬದಿಯ ಚಹಾ ಅಂಗಡಿ, ಅಲ್ಲಿದ್ದ ಜನ, ಲಾರಿ ಎಲ್ಲವನ್ನೂ ಗಂಗಾವಳಿಗೆ ನೂಕಿತು. ಮೂರು ವಾರಗಳ ಬಳಿಕ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಹಳಿಗೂ ಈ ಭಯ ತಪ್ಪಿದ್ದಲ್ಲ. 2003ರ ಜೂನ್‌ನಲ್ಲಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ರಜಾ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿ ಬಳಿ ಹಳಿ ತಪ್ಪಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಕೊಂಕಣ ರೈಲು ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ಇಟ್ಟು ವೇಗ ತಗ್ಗಿಸುತ್ತದೆ, ಅಪಾಯದ ಜಾಗಗಳಲ್ಲಿ ಹಗಲಿರುಳು ಕಾವಲುಗಾರರನ್ನು ನಡೆಸುತ್ತದೆ. ಹೆದ್ದಾರಿಯಲ್ಲಿ ವೇಗ ತಗ್ಗಿಸುವುದು ಸ್ಟಿಯರಿಂಗ್ ಹಿಡಿದವನ ಮರ್ಜಿ.

ಹಾಗಾದರೆ ಕಾರು ಬೇಡವೇ? ಬೇಕು, ಆದರೆ ಒಂದು ದಿನಕ್ಕೆ. ರೈಲಿನಲ್ಲಿ ಉಡುಪಿಗೆ ಬಂದು ಇಳಿದು, ಪೇಟೆ ಸುತ್ತಲು ಆಟೋ-ಬಸ್ಸು ಬಳಸಿ, ಕೊಲ್ಲೂರು-ಮರವಂತೆಗೆ ಅಲ್ಲಿಯದೇ ಟ್ಯಾಕ್ಸಿ ಮಾಡಿಕೊಂಡರೆ ಆ ದಾರಿಯ ಪ್ರತಿ ತಿರುವೂ ಗೊತ್ತಿರುವ ಚಾಲಕ ಸಿಗುತ್ತಾನೆ; ರಾತ್ರಿ ತನ್ನ ಮನೆಯಲ್ಲೇ ಮಲಗುತ್ತಾನೆ. ಆಗುಂಬೆ, ಯಾಣದಂಥ ಘಟ್ಟದ ಕಡೆಯ ಜಾಗಗಳಿಗೂ ಇದೇ ಸರಿ. ಗೋಕರ್ಣದಲ್ಲಂತೂ ಕಾರು ಭಾರವೇ: ರಥಬೀದಿ ಇಕ್ಕಟ್ಟು, ಹಾಫ್ ಮೂನ್ ತೀರಕ್ಕೆ ಕಾಲ್ನಡಿಗೆ ಅಥವಾ ದೋಣಿಯೇ ದಾರಿ. ಪಕ್ಕದ ತದಡಿಯಿಂದ ಎದುರಿನ ಅಘನಾಶಿನಿ ಊರಿಗೆ ದೋಣಿಯಲ್ಲಿ ಕೆಲವೇ ನಿಮಿಷ; ರಸ್ತೆಯಲ್ಲಾದರೆ ಮಿರ್ಜಾನ್, ಕುಮಟಾ ಬಳಸಿ ಹೋಗಬೇಕು. ಹುಬ್ಬಳ್ಳಿ-ಧಾರವಾಡದವರಿಗೆ ಅಂಕೋಲಾದವರೆಗೆ ರೈಲಿನ ಅನುಕೂಲ ಇನ್ನೂ ಒದಗಿಲ್ಲ. ಅವರು ಅರಬೈಲು ಘಟ್ಟ ಇಳಿಯುವ ಬಸ್ಸನ್ನೇ ನಂಬಬೇಕು.

ನಡೆಯಲಾಗದ ಹಿರಿಯರು, ಎಳೆಗೂಸು ಜೊತೆಗಿದ್ದು ಮನೆಯಿಂದಲೇ ಗಾಡಿ ಮಾಡಬೇಕಾಗಿ ಬಂದರೆ ಹಗಲಲ್ಲೇ ಘಟ್ಟ ದಾಟುವಂತೆ ಹೊರಡಿ. ವಸತಿಗೃಹಕ್ಕೆ ಫೋನು ಮಾಡುವಾಗ ಬಿಸಿನೀರು ಉಂಟೇ, ಲಿಫ್ಟ್ ಉಂಟೇ ಎಂದು ಕೇಳುವ ಜೊತೆಗೆ ಚಾಲಕನಿಗೆ ಮಲಗಲು ಒಂದು ಹಾಸಿಗೆ ಉಂಟೇ ಎಂದೂ ಕೇಳಿ. ಇಲ್ಲವೆಂದರೆ ಬೇರೆ ವಸತಿಗೃಹ ನೋಡಿ.